ಈರುಳ್ಳಿ ಸಿಪ್ಪೆಯ ಪಾಠ

ಬೆಳಿಗ್ಗೆ ಜವಾನ ಸ್ಟಾಫ್ ರೂಮಿನ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಒಳಗಿದ್ದ ಮೇಷ್ಟ್ರುಗಳಿಗೆಲ್ಲ ಇದ್ದಕ್ಕಿದ್ದ ಹಾಗೆ ಕೈತುಂಬ ಕೆಲಸ ಬಂದುಬಿಡುತ್ತಿತ್ತು. ಒಬ್ಬರು ಪುಸ್ತಕದೊಳಗೆ ಮುಖ ಹುದುಗಿಸುವರು, ಇನ್ನೊಬ್ಬರು ಒರೆಸಿದ ಕನ್ನಡಕವನ್ನೇ ಒರೆಸುವರು, ಭೂಗೋಳದ ಮೇಷ್ಟ್ರಂತೂ ಬೀಳದೇ ಇದ್ದ ಪೆನ್ನನ್ನು ಮೇಜಿನ ಕೆಳಗೆ ಹುಡುಕಲು ಬಗ್ಗುವರು. ಜವಾನನ ಕೈಯಲ್ಲಿರುತ್ತಿದ್ದ ಚೀಟಿಯಲ್ಲಿ, ರಜೆ ಹಾಕಿದವರ ಕ್ಲಾಸಿಗೆ ಅವತ್ತು ಯಾರು ಹೋಗಬೇಕು ಎಂದು ಬರೆದಿರುತ್ತಿತ್ತು. ಬಿಡುವಿನ ಪೀರಿಯಡ್ಡಿನ ಮೇಲೆ ಬೀಳುವ ಬರೆ ಅದು. ಚೀಟಿ ಯಾರಿಗೆ ಎಂಬುದು ನೋಡದೆಯೂ ಎಲ್ಲರಿಗೂ ಗೊತ್ತಿತ್ತು, ಆದರೂ ಮುಖ ಮರೆಸಿಕೊಳ್ಳುವುದು ಒಂದು ರೂಢಿ.

ಚೀಟಿ ಬರುತ್ತಿದ್ದದ್ದು ವಿಜ್ಞಾನದ ಮೇಡಂಗೆ. ಯಾಕೆಂದರೆ ಅವರು ರಜೆ ಹಾಕುತ್ತಿರಲಿಲ್ಲ, ಇಲ್ಲ ಅನ್ನುತ್ತಿರಲಿಲ್ಲ, ಅವರು ಕಾಲಿಟ್ಟ ಕ್ಲಾಸಿನಲ್ಲಿ ಗಲಾಟೆಯೂ ಇರುತ್ತಿರಲಿಲ್ಲ. ಇಷ್ಟು ಗುಣ ಒಬ್ಬರಲ್ಲೇ ಇದ್ದರೆ ಅವರ ಗತಿ ಏನಾಗಬೇಕೋ ಅದೇ ಆಗಿತ್ತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

"ಮೇಡಂ, ಇವತ್ತು ಹಾಡಿನ ಮೇಡಂ ಬಂದಿಲ್ಲ," ಎಂದು ಜವಾನ ಚೀಟಿ ಚಾಚಿದರೆ, ಅವರು ಹೋಗಿ ಆರನೇ ಕ್ಲಾಸಿನ ಮಕ್ಕಳ ಮುಂದೆ ನಿಂತು ಹಾಡಿಸುತ್ತಿದ್ದರು. ಅವರ ಗಂಟಲು ಹೇಗಿತ್ತೆಂದರೆ ಮಕ್ಕಳೇ ಕನಿಕರಪಟ್ಟು ಜೋರಾಗಿ ಹಾಡಿ ಅದನ್ನು ಮುಚ್ಚಿಹಾಕುತ್ತಿದ್ದರು. ಆಟದ ಮೇಷ್ಟ್ರು ಬರದ ದಿನ ಕುತ್ತಿಗೆಗೆ ವಿಷಲ್ ಹಾಕಿಕೊಂಡು ಬಿಸಿಲಲ್ಲಿ ನಿಲ್ಲುತ್ತಿದ್ದರು. ಎತ್ತರ ತೂಕ ಅಳೆಯುವುದು, ಶೂ ಹಂಚುವುದು, ಹಲ್ಲಿನ ಡಾಕ್ಟರು ಬಂದಾಗ ಸಾಲು ನಿಲ್ಲಿಸುವುದು, ಎಲ್ಲದಕ್ಕೂ ಅವರೇ. ಇವೆಲ್ಲ ಮುಗಿದು ಕೈ ತೊಳೆದುಕೊಂಡ ಮೇಲೆ ಏನಾದರೂ ಹೊತ್ತು ಉಳಿದರೆ ಅದರಲ್ಲಿ ವಿಜ್ಞಾನ.

ಆ ಉಳಿದ ಹೊತ್ತಿನಲ್ಲಿ ಅವರಿಗೊಂದು ಆಸೆಯಿತ್ತು. ದೊಡ್ಡ ಆಸೆಯೇನಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಈರುಳ್ಳಿಯ ಒಳಪೊರೆಯನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಬೇಕು. ಪ್ರತಿವರ್ಷ ಜೀವಕೋಶದ ಪಾಠ ಬರುತ್ತಿತ್ತು, ಪ್ರತಿವರ್ಷ ಅವರು ಬೋರ್ಡಿನ ಮೇಲೆ ಇಟ್ಟಿಗೆ ಗೋಡೆಯ ಹಾಗೆ ಚೌಕ ಚೌಕ ಎಳೆದು, ಪ್ರತಿ ಚೌಕದಲ್ಲೂ ಒಂದು ಚುಕ್ಕಿ ಇಟ್ಟು, "ಇದು ಕೋಶಕೇಂದ್ರ" ಎನ್ನುತ್ತಿದ್ದರು. ಮಕ್ಕಳು ಚೌಕ ಎಳೆದು ಚುಕ್ಕಿ ಇಡುತ್ತಿದ್ದರು. ಅಲ್ಲಿಗೆ ಜೀವದ ವಿಷಯ ಮುಗಿಯಿತು. ಒಮ್ಮೆ ಒಬ್ಬ ಹುಡುಗ ಎದ್ದು, "ಇಟ್ಟಿಗೆ ಒಳಗೆ ಇರುವೆ ಯಾಕೆ ಬಂತು ಮಿಸ್?" ಎಂದು ಕೇಳಿದ್ದ. ಕ್ಲಾಸೆಲ್ಲ ನಕ್ಕಿತು, ಮೇಡಂ ನಗಲಿಲ್ಲ. ತಾನು ಕಾಲೇಜಿನಲ್ಲಿ ಮೊದಲ ಸಲ ಅದನ್ನು ಕಣ್ಣಾರೆ ನೋಡಿ, ಲ್ಯಾಬಿನಲ್ಲೇ "ಅಯ್ಯೋ!" ಎಂದು ಕಿರುಚಿ ಬೈಸಿಕೊಂಡದ್ದು ಅವರಿಗೆ ನೆನಪಿತ್ತು. ಆ ಕಿರುಚಾಟವನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕೆಂದೇ ಅವರು ಈ ಕೆಲಸಕ್ಕೆ ಬಂದದ್ದು. ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿಸಿರಲಿಲ್ಲ.

ಶಾಲೆಯಲ್ಲಿ ಮೈಕ್ರೋಸ್ಕೋಪ್ ಇರಲಿಲ್ಲ ಎಂದಲ್ಲ, ಇತ್ತು. ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದು. ಅದು ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವಿನಲ್ಲಿ, ಬಹುಮಾನದ ಕಪ್ಪುಗಳ ನಡುವೆ, ಪ್ಲಾಸ್ಟಿಕ್ ಕವರು ಹೊದ್ದು ಕೂತಿತ್ತು. ಬೀರುವಿನ ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿತ್ತು. ಅವರ ಜೇಬಿನಲ್ಲಿ ಇಲ್ಲದ ಬೀಗದ ಕೈಯೇ ಇರಲಿಲ್ಲವಾದ್ದರಿಂದ ಮಕ್ಕಳು ಅವರಿಗೆ 'ಬೀಗದ ಸಾರ್' ಎಂದು ಹೆಸರಿಟ್ಟಿದ್ದರು. ಅವರು ನಡೆದು ಬಂದರೆ ಝಣ್ ಝಣ್ ಎನ್ನುವುದು ಮೊದಲು ಬರುತ್ತಿತ್ತು, ಆಮೇಲೆ ಅವರು.

"ಸಾರ್, ಈ ವರ್ಷನಾದರೂ ಕೊಡಿ," ಎಂದು ಮೇಡಂ ಪ್ರತಿವರ್ಷ ಕೇಳುತ್ತಿದ್ದರು.

"ಕೊಡಬಾರದು ಅಂತಲ್ಲ ಮೇಡಂ. ಒಡೆದರೆ ಹೊಣೆ ಯಾರು?"

"ನಾನೇ ಸಾರ್."

"ನೀವು ಹೊಣೆ ಅಂತೀರಿ, ಕೊನೆಗೆ ಬರೋದು ನನ್ನ ತಲೆಗೆ. ನಾನು ಬಂದಾಗಿಂದ ಅದರ ಮೇಲೆ ಒಂದು ಗೀರು ಬಿದ್ದಿಲ್ಲ ನೋಡಿ!" ಹೆಡ್‌ಮಾಸ್ಟರು ಇದನ್ನು ಸ್ವಂತ ಮಗುವನ್ನು ಸಾಕಿದವರಂತೆ ಹೆಮ್ಮೆಯಿಂದ ಹೇಳುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದುಕೊಂಡು ಮೇಡಂ ಹಿಂದಿರುಗುತ್ತಿದ್ದರು.

ಈ ವರ್ಷ ಮಾತ್ರ ಪೂಜಾರಿಯೇ ಕರೆದು ಕೊಡುತ್ತೇನೆ ಎಂದರು. ಅದಕ್ಕೆ ಕಾರಣವಿತ್ತು. ಮೇಲಿನ ಕಚೇರಿಯಿಂದ ಯಾರೋ ತರಬೇತುದಾರರು ಗುರುವಾರ ಮಧ್ಯಾಹ್ನ ಶಾಲೆಗೆ ಬರುವವರಿದ್ದರು. ಅವರಿಗೆ ಮಕ್ಕಳು ಏನನ್ನಾದರೂ ಕೈಯಾರೆ ಮಾಡುತ್ತಿರುವ ಫೋಟೋ ಬೇಕಂತೆ. "ಗುರುವಾರ ಮೂರನೇ ಪೀರಿಯಡ್ಡು. ಹಳೇ ಲ್ಯಾಬಿನಲ್ಲೇ ಮಾಡಿ. ಹೊರಗೆ ಎಲ್ಲೂ ತಗೊಂಡು ಹೋಗೋ ಹಾಗಿಲ್ಲ, ಬಿಚ್ಚೋ ಹಾಗಿಲ್ಲ, ಆಗ್ತಿದ್ದ ಹಾಗೇ ವಾಪಸ್," ಎಂದರು ಹೆಡ್‌ಮಾಸ್ಟರು. ಮೇಡಂ ಎಲ್ಲದಕ್ಕೂ ಹೂಂ ಎಂದರು. ಒಂದು ದಿನ ಮುಂಚೆ ಕೊಟ್ಟರೆ ಸರಿಯಿದೆಯೋ ಇಲ್ಲವೋ ನೋಡಬಹುದಿತ್ತು ಎಂದದ್ದಕ್ಕೆ, "ಕೊಟ್ಟಿದ್ದೇ ಹೆಚ್ಚು" ಎಂಬಂತೆ ಝಣ್ ಎಂದಿತು ಜೇಬು.

ಹಳೇ ಲ್ಯಾಬೆಂದರೆ ಈಗ ಮುರಿದ ಬೆಂಚುಗಳ ಆಸ್ಪತ್ರೆ. ಕರೆಂಟು ಇರಲಿಲ್ಲ. ಪೂರ್ವಕ್ಕೆ ಒಂದೇ ಕಿಟಕಿ, ಅದರಲ್ಲಿ ಬೆಳಗಿನ ಬಿಸಿಲು ಬಂದು ಮಧ್ಯಾಹ್ನದೊಳಗೆ ಹೊರಟುಹೋಗುತ್ತಿತ್ತು. ಮೈಕ್ರೋಸ್ಕೋಪಿನ ಕೆಳಗಿನ ಕನ್ನಡಿಗೆ ಬಿಸಿಲು ಬಿದ್ದರೆ ಪಾಠ, ಇಲ್ಲದಿದ್ದರೆ ಇಲ್ಲ. ಮೂರನೇ ಪೀರಿಯಡ್ಡಾದರೆ ಬಿಸಿಲು ಭರ್ತಿ. ಮೇಡಂ ತಾವೇ ಪೊರಕೆ ಹಿಡಿದು ಲ್ಯಾಬು ಗುಡಿಸಿದರು.

ಬುಧವಾರ ಸಂಜೆ ಅಡುಗೆಮನೆಯಲ್ಲಿ ಕೂತು ಪೊರೆ ತೆಗೆಯುವ ಅಭ್ಯಾಸ ಶುರುವಾಯಿತು. ಈರುಳ್ಳಿಯ ಒಂದು ಪದರವನ್ನು ಮುರಿದು, ಒಳಮೈಗೆ ಅಂಟಿದ, ಉಸಿರಿಗೂ ಹಾರುವಂಥ ಪೊರೆಯನ್ನು ಹರಿಯದೆ ಎಳೆಯಬೇಕು, ಸುಕ್ಕಿಲ್ಲದೆ ನೀರಿನ ಹನಿಯ ಮೇಲೆ ಹಾಸಬೇಕು. ಅತ್ತೆ ಬಾಗಿಲಿಗೆ ಒರಗಿ ನೋಡಿದರು.

"ಏನಮ್ಮ ಅದು, ಈರುಳ್ಳಿಗೆ ಸ್ನಾನ ಮಾಡಿಸಿ ಬಟ್ಟೆ ಬಿಚ್ತಾ ಇದೀಯಾ?"

"ನಾಳೆ ಮಕ್ಕಳಿಗೆ ತೋರಿಸ್ಬೇಕು ಅತ್ತೆ. ಇದರೊಳಗೆ ಏನಿದೆ ಅಂತ."

"ನಾನು ಹುಟ್ಟಿದಾಗಿಂದ ಈರುಳ್ಳಿ ಹೆಚ್ಚಿದೀನಿ. ಅದರೊಳಗೆ ಕಣ್ಣೀರು ಬಿಟ್ಟು ಬೇರೇನೂ ಇಲ್ಲ," ಎಂದರು ಅತ್ತೆ. ಸ್ವಲ್ಪ ಹೊತ್ತು ಸೊಸೆಯ ಮುಖ ನೋಡಿ, "ಬಹಳ ದಿನ ಆಯ್ತು ನೀನು ಸ್ಕೂಲಿನ ವಿಷಯಕ್ಕೆ ನಗೋದು ನೋಡಿ. ಆಯ್ತು, ಬಿಚ್ಚು. ಅಡುಗೆ ನಾನು ನೋಡ್ಕೋತೀನಿ," ಎಂದು ಸೌಟು ಕೈಗೆತ್ತಿಕೊಂಡರು. ಮೇಡಂಗೆ ಕಣ್ಣು ಒದ್ದೆಯಾದದ್ದು ಈರುಳ್ಳಿಗೋ ಈ ಮಾತಿಗೋ, ಅವರೂ ವಿಚಾರಿಸಿಕೊಳ್ಳಲಿಲ್ಲ.

ಗುರುವಾರ ಎರಡನೇ ಪೀರಿಯಡ್ಡು ಮುಗಿಯುವಾಗ ಜವಾನ ಬಂದ. ಅವನ ಕೈಯಲ್ಲಿ ಮೈಕ್ರೋಸ್ಕೋಪ್ ಇರಲಿಲ್ಲ, ಚೀಟಿ ಇತ್ತು. ತರಬೇತುದಾರರು ಮಧ್ಯಾಹ್ನದ ಬದಲು ಈಗಲೇ ಬಂದುಬಿಟ್ಟಿದ್ದಾರೆ, ಎಲ್ಲ ಶಿಕ್ಷಕರೂ ತಕ್ಷಣ ಹಾಲಿಗೆ ಬರತಕ್ಕದ್ದು, ವಿಷಯ: ಶಿಕ್ಷಕರ ಉದ್ಯೋಗ ತೃಪ್ತಿ.

"ಮಕ್ಕಳು?" ಎಂದರು ಮೇಡಂ.

"ಮಕ್ಕಳಿಗೆ ತೃಪ್ತಿ ಆಮೇಲಂತೆ," ಎಂದ ಜವಾನ. ಅವನಿಗೆ ತಾನು ತಮಾಷೆ ಮಾಡಿದೆ ಅಂತ ಗೊತ್ತಿರಲಿಲ್ಲ.

ಮೇಡಂ ಹೆಡ್‌ಮಾಸ್ಟರ ಹತ್ತಿರ ಓಡಿದರು. "ಸಾರ್, ಬಿಸಿಲು ಹೋಗುತ್ತೆ ಸಾರ್. ನನ್ನೊಬ್ಬಳನ್ನ ಬಿಟ್ಟುಬಿಡಿ." ಹೆಡ್‌ಮಾಸ್ಟರು ಕೈ ಮುಗಿದರು. "ಮೇಡಂ, ಒಬ್ಬರನ್ನ ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತೆ. ನಿಮ್ಮಂಥ ಒಳ್ಳೆಯವರೇ ಹೀಗಂದ್ರೆ ಹೇಗೆ?" ಒಳ್ಳೆಯವರು ಎನ್ನಿಸಿಕೊಂಡವರಿಗೆ ಈ ಲೋಕದಲ್ಲಿ ಬಾಯಿ ಇರುವುದಿಲ್ಲ. ಮೇಡಂ ಹೋಗಿ ಕೂತರು.

ತರಬೇತುದಾರ ಚಿಕ್ಕ ವಯಸ್ಸಿನವನು. ಇಪ್ಪತ್ತು ಜನರಿದ್ದ ಹಾಲಿನಲ್ಲಿ ಕಾಲರಿಗೆ ಮೈಕು ಸಿಕ್ಕಿಸಿಕೊಂಡಿದ್ದ. "ಎಲ್ಲರೂ ಖುಷಿಯಾಗಿದ್ದೀರಾ?" ಎಂದ. "ಹೂಂ" ಎಂದರು. "ಕೇಳಿಸಲಿಲ್ಲ!" ಎಂದ. ಗದರಿಸಿದರೆ ಯಾರು ತಾನೇ ಖುಷಿಯಾಗಿರುವುದಿಲ್ಲ, ಎಲ್ಲರೂ ಜೋರಾಗಿ "ಹೂಂ!" ಎಂದರು. ಭೂಗೋಳದ ಮೇಷ್ಟ್ರು ಕೊನೇ ಬೆಂಚಿನಲ್ಲಿ, ತಮ್ಮ ಕ್ಲಾಸಿನ ಉಡಾಳ ಹುಡುಗರು ಕೂರುವ ಹಾಗೇ ಗೋಡೆಗೆ ಒರಗಿ ಕೂತಿದ್ದರು.

ಗೋಡೆಯ ಮೇಲೆ ಎಲೆಯಿಲ್ಲದ ಒಂದು ಕಾಗದದ ಮರ ಅಂಟಿಸಿತ್ತು. ಕೆಲಸದಲ್ಲಿ ನಿಮಗೆ ತೃಪ್ತಿ ಕೊಡುವ ಅಂಶ ಯಾವುದು ಎಂದು ಒಬ್ಬೊಬ್ಬರೂ ಹೇಳಬೇಕು, ಅವನು ಹಸಿರು ಕಾಗದದ ಎಲೆಯ ಮೇಲೆ ಬರೆದು ಅಂಟಿಸಬೇಕು, ಕೊನೆಗೆ ಮರ ಚಿಗುರಬೇಕು. ಇದು ಯೋಜನೆ.

ಮೊದಲು ಭಾಷೆಯ ಮೇಡಂ ಧೈರ್ಯ ಮಾಡಿದರು. "ಲೇಡೀಸ್ ಟಾಯ್ಲೆಟ್ಟಿಗೆ ಒಂದು ಚಿಲಕ ಬೇಕು ಸಾರ್. ಒಬ್ಬರು ಒಳಗೆ ಹೋದ್ರೆ ಇನ್ನೊಬ್ಬರು ಬಾಗಿಲು ಹಿಡ್ಕೊಂಡು ನಿಲ್ಬೇಕು." ತರಬೇತುದಾರ 'ಮೂಲಸೌಕರ್ಯ' ಎಂದು ಬರೆದು ಅಂಟಿಸಿದ.

"ಮಧ್ಯಾಹ್ನ ಊಟನ ಕೂತ್ಕೊಂಡು ಮಾಡೋ ಭಾಗ್ಯ," ಎಂದರು ಭೂಗೋಳದ ಮೇಷ್ಟ್ರು. ಅದು 'ಕೆಲಸ ಮತ್ತು ಜೀವನದ ಸಮತೋಲನ' ಆಯಿತು.

"ಮಕ್ಕಳೆದುರಿಗೆ ನಮ್ಮನ್ನ ಬೈಬಾರದು," ಎಂದು ಗಣಿತದ ಮೇಷ್ಟ್ರು ಹೆಡ್‌ಮಾಸ್ಟರ ಕಡೆ ನೋಡದೆ ಹೇಳಿದರು. ಹೆಡ್‌ಮಾಸ್ಟರೂ ಅವರ ಕಡೆ ನೋಡದೆ ತಲೆಯಾಡಿಸಿದರು. ಎಲೆಯ ಮೇಲೆ 'ಸೌಹಾರ್ದ ಪರಿಸರ' ಎಂದು ಬಂತು. ಹೇಳಿದ್ದೇ ಒಂದು, ಬರೆದದ್ದೇ ಒಂದು. ಚಿಲಕ, ಊಟ, ಮರ್ಯಾದೆ ಎಲ್ಲ ಎಲೆಯೊಳಗೆ ಹೋಗಿ ಮಾಯವಾಗುತ್ತಿದ್ದವು.

ಮೇಡಂ ಕಿಟಕಿಯನ್ನೇ ನೋಡುತ್ತಿದ್ದರು. ಬಿಸಿಲು ನೆಲದಿಂದ ಗೋಡೆಯ ಬುಡಕ್ಕೆ ಸರಿದಿತ್ತು. ಮೈಯೆಲ್ಲ ಉರಿಯುತ್ತಿತ್ತು. ಅವರ ಸರದಿ ಬಂದಾಗ ಎದ್ದು ನಿಂತು, "ಈಗ್ಲೇ ನನ್ನನ್ನ ಕ್ಲಾಸಿಗೆ ಕಳಿಸಿದ್ರೆ ನನಗೆ ತೃಪ್ತಿ ಆಗುತ್ತೆ ಸಾರ್. ಬೇರೆ ಏನೂ ಬೇಡ. ಮಕ್ಕಳು ಕಾಯ್ತಾ ಇದಾರೆ," ಎಂದರು.

ತರಬೇತುದಾರನ ಕಣ್ಣು ಅರಳಿತು. "ಎಂಥ ಮಾತು! ಎಲ್ಲರೂ ಮೇಡಂಗೆ ಒಂದು ಚಪ್ಪಾಳೆ!" ಎಂದ. ಚಪ್ಪಾಳೆ ಬಿತ್ತು. ಅವನು ಎಲೆಯ ಮೇಲೆ 'ಸಮರ್ಪಣಾ ಮನೋಭಾವ' ಎಂದು ದಪ್ಪಗೆ ಬರೆದು, ಮರದ ತುದಿಯಲ್ಲಿ ಅಂಟಿಸಿ, "ಕೂತ್ಕೊಳ್ಳಿ ಮೇಡಂ. ಇನ್ನೂ ಎರಡನೇ ಚಟುವಟಿಕೆ ಇದೆ," ಎಂದ.

ಎರಡನೇ ಚಟುವಟಿಕೆಯಲ್ಲಿ ಕಣ್ಣು ಮುಚ್ಚಿ ನಗಬೇಕಿತ್ತು. ಮೇಡಂ ಕಣ್ಣು ಮುಚ್ಚಿದರು. ಅಷ್ಟು ಮಾಡಿದ್ದೇ ಅವರ ದೊಡ್ಡತನ.

ಬಿಟ್ಟ ಕೂಡಲೇ ಅವರು ಓಡಿದ ಓಟವನ್ನು ಆಟದ ಮೇಷ್ಟ್ರು ನೋಡಿದ್ದರೆ ಶಾಲೆಯ ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದರು. ಲ್ಯಾಬಿನ ಕಿಟಕಿಯಲ್ಲಿ ಬಿಸಿಲು ಇನ್ನೂ ಒಂದು ಗೇಣು ಉಳಿದಿತ್ತು. ಎಂಟನೇ ಕ್ಲಾಸಿನ ಮಕ್ಕಳು ಬಾಗಿಲಲ್ಲೇ ಗುಂಪುಗೂಡಿದ್ದರು. ಜವಾನ ಮೈಕ್ರೋಸ್ಕೋಪನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ತಂದಿಟ್ಟ. ಮೇಡಂ ಪ್ಲಾಸ್ಟಿಕ್ ಕಿತ್ತರು, ಮೇಜನ್ನು ಬಿಸಿಲಿಗೆ ಎಳೆದರು, ಪೊರೆ ತೆಗೆದರು, ಹನಿ ಬಿಟ್ಟರು, ಹಾಸಿದರು. ಕನ್ನಡಿ ತಿರುಗಿಸಿ ಕಣ್ಣಿಟ್ಟಾಗ ಒಳಗೆ ದುಂಡಗೆ ಬೆಳಕು ತುಂಬಿತು, ಬೆಳಕಿನಲ್ಲಿ ಏನೋ ಗೆರೆಗಳಿದ್ದವು. ಬೆಳಕು ಬಂತಲ್ಲ, ಸಾಕು ಎಂದು ಅವರು ಎದ್ದುಬಿಟ್ಟರು. ತಾನು ನೋಡುತ್ತ ಕೂತರೆ ಒಂದು ಮಗುವಿನ ಹೊತ್ತು ಹೋಗುತ್ತದಲ್ಲ. ಬಡಿಸುವವರು ಕೊನೆಗೆ ಉಣ್ಣುತ್ತಾರೆ, ಪಾಠ ಮಾಡುವವರೂ ಹಾಗೆಯೇ.

"ಬನ್ನಿ, ಒಬ್ಬೊಬ್ಬರೇ. ಒಂದು ಕಣ್ಣು ಮುಚ್ಚಿ. ನೋಡಿದವರು ಹೋಗಿ ಚಿತ್ರ ಬರೀರಿ!"

ಮೊದಲ ಹುಡುಗ ಕಣ್ಣಿಟ್ಟವನೇ, "ಮಿಸ್, ಬೇರು ಬೇರು ಥರ ಇದೆ!" ಎಂದು ಕಿರುಚಿದ.

ಮೇಡಂಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಕಾದದ್ದು ಇದೇ ಕಿರುಚಾಟ. "ಅದು ಕೋಶಭಿತ್ತಿ ಕಣೋ! ಗೋಡೆ! ಚೆನ್ನಾಗಿ ನೋಡು," ಎಂದರು. ಮುಂದಿನವಳು "ಅಯ್ಯಪ್ಪಾ, ಜೇಡರ ಬಲೆ!" ಎಂದಳು. ಇನ್ನೊಬ್ಬ ಮಿಂಚಿನ ಹಾಗಿದೆ ಎಂದ. ಯಾವತ್ತೂ ಬಾಯಿ ಬಿಡದ ಹುಡುಗನೊಬ್ಬ ಎರಡನೇ ಸಲ ಸಾಲಿನಲ್ಲಿ ಬಂದು ನಿಂತು ಸಿಕ್ಕಿಬಿದ್ದ. ಮೇಡಂ ಬೈಯಲಿಲ್ಲ, ಅವನ ತಲೆ ಸವರಿ ಮುಂದೆ ಬಿಟ್ಟರು. ಮಕ್ಕಳ ತಳ್ಳಾಟ, ಒಂದು ಕಣ್ಣು ಮುಚ್ಚಲು ಬಾರದೆ ಎರಡೂ ಮುಚ್ಚಿಕೊಂಡವರ ಪಾಡು, ನಗು. ಚೀಟಿ, ವಿಷಲ್, ಹಾಡು, ಕಾಗದದ ಮರ ಎಲ್ಲ ಮರೆತುಹೋಯಿತು. ಯಾರಾದರೂ ಆಗ ಬಂದು ನಿಮಗೆ ತೃಪ್ತಿಯಾಗಿದೆಯೇ ಎಂದು ಕೇಳಿದ್ದರೆ ಮೇಡಂಗೆ ಉತ್ತರ ಹೇಳಲೂ ಪುರುಸೊತ್ತಿರಲಿಲ್ಲ. ಕೊನೇ ಮಗು ನೋಡುವ ಹೊತ್ತಿಗೆ ಬಿಸಿಲು ಮೇಜಿನಿಂದ ಇಳಿದಿತ್ತು, ಗಂಟೆಯೂ ಹೊಡೆಯಿತು.

ಸ್ಟಾಫ್ ರೂಮಿನಲ್ಲಿ ಅವರು ಚಿತ್ರಗಳ ಕಟ್ಟನ್ನು ಬಿಡಿಸಿದರು. ಮೊದಲ ಚಿತ್ರದಲ್ಲಿ ಕವಲೊಡೆದ ಸೊಟ್ಟ ಎಳೆಗಳಿದ್ದವು. ಪಾಪ, ಕೈ ತಿರುಗಿಲ್ಲ ಎಂದುಕೊಂಡರು. ಎರಡನೆಯದರಲ್ಲೂ ಎಳೆಗಳು, ಮೂರನೆಯದರಲ್ಲೂ. ಮೇಲಿನಿಂದ ತೆಗೆದು ನೋಡಿದ್ದೆಲ್ಲದರಲ್ಲೂ ಎಳೆಗಳು ಎಡಗಡೆಯ ಒಂದೇ ಮೂಲೆಯಿಂದ ಹೊರಟು ಕವಲಾಗಿ ಹರಡಿದ್ದವು. ಒಂದರಲ್ಲಾದರೂ ಚೌಕವಿಲ್ಲ, ಚುಕ್ಕಿಯಿಲ್ಲ.

ಲ್ಯಾಬಿಗೆ ಹಿಂದಿರುಗಿ, ಮಬ್ಬು ಬೆಳಕಿನಲ್ಲೇ ಕಣ್ಣಿಟ್ಟರು. ಎಳೆಗಳು ಕಂಡವು. ಗಾಜಿನ ಪಟ್ಟಿಯನ್ನು ಸರಿಸಿದರು, ಎಳೆಗಳು ಸರಿಯಲಿಲ್ಲ. ಪಟ್ಟಿಯನ್ನೇ ತೆಗೆದರು. ಈರುಳ್ಳಿ ಹೋಯಿತು, ಎಳೆಗಳು ಹೋಗಲಿಲ್ಲ. ಕೊನೆಗೆ ಕಣ್ಣಿಡುವ ನಳಿಗೆಯನ್ನು ಮೆಲ್ಲಗೆ ತಿರುಗಿಸಿದರು. ಎಳೆಗಳೂ ಅದರ ಜೊತೆಗೇ ತಿರುಗಿದವು.

ಬೂಷ್ಟು. ನಳಿಗೆಯ ಒಳಗಾಜಿಗೆ ಬೂಷ್ಟು ಹಿಡಿದಿತ್ತು. ವರ್ಷಗಟ್ಟಲೆ ಗಾಳಿ ಬೆಳಕು ಕಾಣದೆ, ಪ್ಲಾಸ್ಟಿಕ್ಕಿನೊಳಗೆ ಬೆವೆತು, ಗೀರು ಬೀಳದ ಹಾಗೆ ಜೋಪಾನವಾಗಿ ಕೊಳೆತಿತ್ತು. ಮಕ್ಕಳೆಲ್ಲ ಸಾಲಾಗಿ ನಿಂತು ಬೂಷ್ಟನ್ನು ನೋಡಿ ಹೋಗಿದ್ದರು, ಮತ್ತು ತಾವು ಪಕ್ಕದಲ್ಲಿ ನಿಂತು ಅದನ್ನೇ ಗೋಡೆ, ಕೋಶಭಿತ್ತಿ ಎಂದು ಹೇಳಿಕೊಟ್ಟಿದ್ದರು. ಮೇಡಂಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಮುರಿದ ಬೆಂಚೊಂದನ್ನು ಒದ್ದರು. ಕಾಲು ನೋಯಿತು.

ಹೆಡ್‌ಮಾಸ್ಟರ ಕೋಣೆಗೆ ಹೋದಾಗ ಚಿತ್ರಗಳ ಕಟ್ಟು ಆಗಲೇ ಅವರ ಮೇಜಿನ ಮೇಲಿತ್ತು. ತರಬೇತುದಾರನಿಗೆ ಫೋಟೋಗೆ ಬೇಕೆಂದು ತರಿಸಿದ್ದರು.

"ಏನು ಮೇಡಂ ಇದೆಲ್ಲ, ಕಾಗೆ ಕಾಲು ಗುಬ್ಬಿ ಕಾಲು! ಒಂದು ಮಾತ್ರ ಚಿತ್ರ ಅನ್ನೋ ಹಾಗಿದೆ ನೋಡಿ," ಎಂದು ಕಟ್ಟಿನ ತಳದಿಂದ ಒಂದನ್ನು ಎಳೆದು ತೋರಿಸಿದರು. ಮೇಡಂ ಸ್ಟಾಫ್ ರೂಮಿನಲ್ಲಿ ತಳದವರೆಗೆ ನೋಡಿರಲಿಲ್ಲ. ಸ್ಕೇಲು ಹಿಡಿದು ಎಳೆದ ಚೌಕಗಳು, ಚೌಕಕ್ಕೊಂದು ಚುಕ್ಕಿ, ಬಾಣದ ಗುರುತು, ಕೆಳಗೆ ಅಂದವಾದ ಅಕ್ಷರ. ಫಸ್ಟ್ ರ್‍ಯಾಂಕ್ ಹುಡುಗಿಯ ಚಿತ್ರ. "ಇದನ್ನ ನೋಟಿಸ್ ಬೋರ್ಡಿಗೆ ಹಾಕಿಸ್ತೀನಿ. ಉಳಿದವರ ಕೈಯಲ್ಲಿ ಪುಸ್ತಕ ನೋಡಿ ಇನ್ನೊಂದ್ಸಲ ಬರೆಸಿ."

"ಸಾರ್, ಉಳಿದವರೆಲ್ಲ ಸರಿಯಾಗಿ ಬರೆದಿದಾರೆ. ಕಂಡಿದ್ದನ್ನ ಬರೆದಿದಾರೆ. ಒಳಗೆ ಬೂಷ್ಟು ಹಿಡಿದಿದೆ ಸಾರ್."

"ಬೂಷ್ಟಾ? ನನ್ನ ಬೀರುವಲ್ಲಿ ಇರೋವರೆಗೂ ಏನೂ ಇರಲಿಲ್ಲ. ನೀವು ಹೊರಗೆ ತೆಗೆದ ಮೇಲೇ ಹಿಡಿದಿರಬೇಕು."

"ಒಂದು ಪೀರಿಯಡ್ಡಿನಲ್ಲಾ ಸಾರ್?"

"ಅದಕ್ಕೇ ನಾನು ಯಾರಿಗೂ ಕೊಡ್ತಿರಲಿಲ್ಲ," ಎಂದರು ಹೆಡ್‌ಮಾಸ್ಟರು, ನಿಜವಾಗಿಯೂ ನೊಂದು. ಅವರ ಜೊತೆ ವಾದಿಸುವುದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಮೇಡಂ ಚಿತ್ರಗಳ ಕಟ್ಟನ್ನು ಎತ್ತಿಕೊಂಡರು, ಆ ಒಂದನ್ನೂ ಸೇರಿಸಿ, ಕೇಳದೆಯೇ.

ಶಾಲೆ ಬಿಟ್ಟ ಮೇಲೆ ಫಸ್ಟ್ ರ್‍ಯಾಂಕ್ ಹುಡುಗಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿಕೊಂಡರು. ಬೈಯಬೇಕೆಂದೇ ಕರೆದದ್ದು. ದಿನವಿಡೀ ನುಂಗಿದ ಸಿಟ್ಟಿಗೆ ಒಂದು ದಾರಿ ಬೇಕಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ.

"ಇದು ನೀನು ಕಂಡದ್ದಾ?"

ಹುಡುಗಿ ತಲೆ ತಗ್ಗಿಸಿದಳು. "ಅಲ್ಲ ಮಿಸ್. ಏನೋ ಕೊಳಕು ಎಳೆ ಎಳೆ ಕಾಣ್ತು."

"ಮತ್ತೆ ಇದನ್ನ ಯಾಕೆ ಬರೆದೆ? ಕಂಡಿದ್ದನ್ನ ಬರೆಯೋಕೆ ಏನಾಗಿತ್ತು ನಿನಗೆ?"

"ಆರನೇ ಕ್ಲಾಸಲ್ಲಿ ಬರೆದಿದ್ದೆ ಮಿಸ್," ಎಂದಳು ಹುಡುಗಿ. ಎದುರು ಮಾತಾಡುವ ದನಿಯಲ್ಲ, ಕೇಳಿದ ಪ್ರಶ್ನೆಗೆ ಸರಿಯುತ್ತರ ಹೇಳುವ ದನಿ. "ಮನೇಲಿ ಕಾಳು ಮೊಳಕೆ ಬರಿಸಿ, ಅದನ್ನ ನೋಡಿ ಬರೆದಿದ್ದೆ. ಅದರ ಬೇರು ಸೊಟ್ಟಗಿತ್ತು. ನೀವು ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಪುಸ್ತಕದಲ್ಲಿ ಇರೋ ಥರ ಬರಿ ಅಂದಿದ್ರಿ. ಅವತ್ತಿಂದ ಪುಸ್ತಕದ ಥರಾನೇ ಬರೀತೀನಿ ಮಿಸ್."

ಮೇಡಂಗೆ ಅದು ನೆನಪಿರಲಿಲ್ಲ. ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ಯಾವುದೋ ಸಂಜೆ, ಗುಡ್ಡೆ ಬಿದ್ದ ಪುಸ್ತಕಗಳ ಮುಂದೆ, ಮುಗಿದರೆ ಸಾಕು ಎಂದು ಎಳೆದ ಸುತ್ತಾಗಿರಬೇಕು. ಅಂಥ ಎಷ್ಟು ಸುತ್ತುಗಳನ್ನು ಎಳೆದಿದ್ದೇನೋ! ಚೀಟಿ ಕಳಿಸಿದವರ ಮೇಲೆ, ಬೀಗ ಹಾಕಿದವರ ಮೇಲೆ, ಎಲೆ ಅಂಟಿಸಿದವನ ಮೇಲೆ ಇದ್ದ ಸಿಟ್ಟೆಲ್ಲ ಹೋಗಲು ಜಾಗವಿಲ್ಲದೆ ಹಿಂದಿರುಗಿ ಬಂತು. ನೆಲ ಬಾಯಿ ಬಿಟ್ಟರೆ ಇಳಿದುಬಿಡಬೇಕು ಅನ್ನುವಷ್ಟು ನಾಚಿಕೆಯಾಯಿತು.

"ಮನೆಗೆ ಹೋಗೋಕೆ ಅವಸರ ಇದೆಯಾ?" ಎಂದು ಕೇಳಿದರು.

"ಇಲ್ಲ ಮಿಸ್."

ಇನ್ನೂ ವಾಪಸ್ಸಾಗದೆ ಲ್ಯಾಬಿನಲ್ಲೇ ಉಳಿದಿದ್ದ ಮೈಕ್ರೋಸ್ಕೋಪನ್ನು ಮೇಡಂ ಎತ್ತಿಕೊಂಡು ಹೊರಗೆ ಬಂದರು. ಪಶ್ಚಿಮದ ಕಾರಿಡಾರಿನಲ್ಲಿ, ಹೆಡ್‌ಮಾಸ್ಟರ ಕೋಣೆಯ ಎದುರಿಗೇ, ಸಂಜೆಯ ಬಿಸಿಲು ಬೇಕಾದಷ್ಟು ಬಿದ್ದಿತ್ತು. ಅಲ್ಲೊಂದು ಸ್ಟೂಲು ಹಾಕಿ ಇಟ್ಟರು. ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಸ್ಪಿರಿಟ್ಟು ಹತ್ತಿ ತಂದರು. ಬಿಚ್ಚಬಾರದ ನಳಿಗೆಯನ್ನು ಬಿಚ್ಚಿದರು. ಒಳಗಾಜನ್ನು ಉಜ್ಜಿ ಉಜ್ಜಿ, ಬೆಳಕಿಗೆ ಹಿಡಿದು, ಮತ್ತೆ ಉಜ್ಜಿದರು. ಕೋಣೆಯೊಳಗಿನಿಂದ ಝಣ್ ಝಣ್ ಕೇಳಿಸಿತು. "ಮೇಡಂ! ಏನಿದು ಮೇಡಂ!" ಎಂದು ಹೆಡ್‌ಮಾಸ್ಟರು ಬಾಗಿಲಿಗೆ ಬಂದರು.

"ಪಾಠ ಸಾರ್," ಎಂದರು ಮೇಡಂ, ತಲೆಯೆತ್ತದೆ. "ಬೈಯೋದನ್ನ ನಾಳೆ ಬೈಯಿರಿ." ಅವರು ಹೀಗೆ ಮಾತಾಡಿದ್ದು ಅದೇ ಮೊದಲು. ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತರು.

ಉಳಿದಿದ್ದ ಈರುಳ್ಳಿಯಿಂದ ಹೊಸ ಪೊರೆ ತೆಗೆದು ಹಾಸಿ, ಈ ಸಲ ಮೇಡಂ ತಾವೇ ಮೊದಲು ನೋಡಿದರು. ಚೌಕಗಳೇ, ಆದರೆ ಪುಸ್ತಕದ ಚೌಕಗಳಲ್ಲ. ಒಂದು ಉದ್ದ, ಒಂದು ಗಿಡ್ಡ, ಒಂದು ಪಕ್ಕದ್ದನ್ನು ಒತ್ತಿ ಸೊಟ್ಟಗಾಗಿತ್ತು. ಒಂದರ ಮೂಲೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ಕೋಶಕೇಂದ್ರ ಕೆಲವುಗಳಲ್ಲಿ ನಡುವೆ ಇರದೆ ಗೋಡೆಗೆ ಒರಗಿ ಕೂತಿತ್ತು. ಸುಮ್ಮನೆ ಎದ್ದು ಜಾಗ ಬಿಟ್ಟರು.

"ನೋಡು. ಪುಸ್ತಕ ಮರೆತುಬಿಡು. ಮಾರ್ಕ್ಸ್ ಇಲ್ಲ, ಪರೀಕ್ಷೆ ಇಲ್ಲ. ನಿನಗೆ ಏನು ಕಾಣುತ್ತೋ ಅದನ್ನ ಹೇಳು, ಸಾಕು."

ಹುಡುಗಿ ಜಡೆಯನ್ನು ಹಿಂದಕ್ಕೆ ಹಾಕಿಕೊಂಡು ಬಗ್ಗಿದಳು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಒತ್ತಿ, ಬಹಳ ಹೊತ್ತು ನೋಡಿದಳು. ಮೇಡಂ ಅವಳ ಬಾಯನ್ನೇ ನೋಡುತ್ತ ಕಾದರು. ಒಂದು "ಅಯ್ಯೋ" ಬಂದರೆ ಸಾಕಿತ್ತು.

ಹುಡುಗಿ ನಿಧಾನವಾಗಿ ತಲೆಯೆತ್ತಿದಳು. ಮೇಡಂ ಮುಖವನ್ನು ಒಂದು ಸಲ ಎಚ್ಚರಿಕೆಯಿಂದ ನೋಡಿದಳು.

"ಏನು ಕಾಣಬೇಕು ಮಿಸ್?" ಎಂದು ಕೇಳಿದಳು.